ಯಂತ್ರ ಓದದ ಸಾಲುಗಳು

ಅವನು ಬೆಳಗ್ಗೆಯಿಂದ ಏಳನೇ ಸಲ ಮೇಲ್ ತೆರೆದು ನೋಡಿದ. ಏನೂ ಬಂದಿರಲಿಲ್ಲ. ಬರಬೇಕಾದದ್ದೂ ಏನಿರಲಿಲ್ಲ, ಕೆಲಸವೆಲ್ಲ ಶುಕ್ರವಾರವೇ ಮುಗಿದಿತ್ತು, ಇವತ್ತು ಸಂಜೆ ಆರರ ತನಕ ಕೈಕಟ್ಟಿ ಕೂರುವುದೊಂದೇ ಬಾಕಿ. ಆದರೆ ಕೈಕಟ್ಟಿ ಕೂರುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ಅವನಿಗಿರಲಿಲ್ಲ. ರಜೆಯ ದಿನ. ಮೇಜಿನ ಮೇಲೆ ಟೀ ಆರುತ್ತಿತ್ತು. ಕಿಟಕಿಯಾಚೆ ಎದುರುಮನೆಯವರು ಒಣಹಾಕಿದ ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಒಳಗೆ ಹೆಂಡತಿ ಹಾಕಿದ ವಾಷಿಂಗ್ ಮೆಷಿನ್ನು ಗುಡುಗುತ್ತಿತ್ತು. ಐವತ್ತೆರಡು ವರ್ಷದ ಗಂಡಸು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಯಾಕೆ ಕಾಯಬೇಕು ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿದ್ದರಿಂದ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟ.

ಹೊಟ್ಟೆಪಾಡಿಗೆ ಅವನು ಕರಡು ತಿದ್ದುವವನು. ಔಷಧಿಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತು, ಡಬ್ಬಿ ತೆರೆದ ಕೂಡಲೇ ಕಸದ ಬುಟ್ಟಿಗೆ ಬೀಳುವ ತೆಳ್ಳನೆಯ ಕಾಗದವೊಂದಿದೆಯಲ್ಲ, ಅದನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾನೆ. ಸಾಸಿವೆಗಿಂತ ಸಣ್ಣ ಅಕ್ಷರ, ಕೈಯಲ್ಲಿ ಭೂತಗನ್ನಡಿ, ಎದುರಿಗೆ ಒಂದು ಗೋಡೆ. ಅಲ್ಲಿ ಅವನನ್ನು ಹೆಸರಿನಿಂದ ಕರೆಯುವವರಿಲ್ಲ. ಕಾಗುಣಿತ ಎನ್ನುತ್ತಾರೆ, ಎದುರಿಗೆ ಸಿಕ್ಕಿದರೆ ಕಾಗುಣಿತದವರು ಎಂದು ಮರ್ಯಾದೆ ಸೇರಿಸುತ್ತಾರೆ. ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ ಎಂದು ಹೆಂಡತಿಯ ಕಡೆಯವರು ಆಡಿಕೊಳ್ಳುವುದು ಅವನ ಕಿವಿಗೂ ಬಿದ್ದಿದೆ. ಅದರಲ್ಲಿ ಅವನಿಗೆ ಬೈಗುಳವೇನೂ ಕಾಣಲಿಲ್ಲ. ಕಲ್ಲಿರುವ ಮೊಸರನ್ನು ಇವರೆಲ್ಲ ಹೇಗೆ ಉಣ್ಣುತ್ತಾರೆ ಎಂಬುದೊಂದೇ ಅವನ ಆಶ್ಚರ್ಯ. ಮೂರು ವರ್ಷದ ಹಿಂದೆ ಭಾವಮೈದುನ ಬಂದಿದ್ದಾಗ, ಪ್ರೋಗ್ರಾಮ್ ಬರೆಯುವ ಉದ್ಯೋಗದ ಆ ಹುಡುಗ ಊಟವಾದ ಮೇಲೆ ಹೊತ್ತು ಹೋಗದೆ, ಕಂಪ್ಯೂಟರ್ ನಡೆಸುವ ಒಂದು ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಕೋಡನ್ನು ತೆರೆದು ತೋರಿಸಿದ್ದ. ಲಕ್ಷಾಂತರ ಸಾಲು, ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು, ಮುಚ್ಚುಮರೆ ಇಲ್ಲ ಎಂದು ತನ್ನ ಸ್ವಂತ ಆಸ್ತಿ ತೋರಿಸುವವನ ಹಾಗೆ ಹೇಳಿದ. ಭಾವನಿಗೆ ಕೋಡ್ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಅಪ್ಪಣೆಗಳ ಆ ದಟ್ಟಣೆಯ ನಡುನಡುವೆ ಬೇರೆ ಬಣ್ಣದಲ್ಲಿ ಒಂದೊಂದು ಸಾಲು ಮನುಷ್ಯರ ಮಾತು ಇತ್ತು. ಅದು ಕಾಮೆಂಟು, ಬರೆದವನು ಮುಂದೆ ಓದುವವನಿಗೆ ಬಿಟ್ಟುಹೋದ ಟಿಪ್ಪಣಿ, ಅದನ್ನು ಯಂತ್ರ ಓದುವುದೇ ಇಲ್ಲ, ಹಾರಿಸಿಕೊಂಡು ಹೋಗುತ್ತದೆ ಎಂದು ಹುಡುಗ ವಿವರಿಸಿದ. ಯಾರೂ ಓದದ ಬರಹ ಎಂದ ಕೂಡಲೇ ಇವನಿಗೆ ತವರಿಗೆ ಬಂದ ಹಾಗಾಯಿತು. ಕಣ್ಣಾಡಿಸಿದ. ಮೊದಲ ಪುಟದಲ್ಲೇ ಎರಡು ತಪ್ಪು ಕೈಬೀಸಿ ಕರೆದವು.

ಅಲ್ಲಿಂದ ಶುರುವಾದದ್ದು. ಒಂದು ಫೈಲಿನ ಟಿಪ್ಪಣಿಗಳನ್ನೆಲ್ಲ ಓದುವುದು, ತಪ್ಪಿದ್ದ ಸಾಲನ್ನು ಹಳೆಯದು ಹೀಗೆ, ಹೊಸದು ಹೀಗೆ ಎಂದು ಒಂದರ ಕೆಳಗೊಂದು ಬರೆದು ಮೇಲ್ ಕಳಿಸುವುದು. ಅಲ್ಲಿಯವರು ಅದಕ್ಕೆ ಪ್ಯಾಚ್ ಎನ್ನುತ್ತಾರೆ. ಹೆಂಡತಿ ತೇಪೆ ಎನ್ನುತ್ತಾಳೆ. ಫೈಲುಗಳ ಒಂದೊಂದು ಕಟ್ಟಿಗೂ ಅಲ್ಲಿ ಒಬ್ಬೊಬ್ಬ ಮೇಲ್ವಿಚಾರಕ. ಇವನ ಪಾಲಿಗೆ ಬಂದವನನ್ನು ಇವನು ಮನಸ್ಸಿನಲ್ಲೇ ಯಜಮಾನ ಎಂದು ಕರೆದುಕೊಂಡಿದ್ದ, ಯಾಕೆಂದರೆ ಆ ಪುಣ್ಯಾತ್ಮ ಒಂದು ಪದಕ್ಕಿಂತ ಹೆಚ್ಚು ಬರೆದದ್ದಿಲ್ಲ. ತಗೊಂಡೆ ಎನ್ನುತ್ತಿದ್ದ, ಅಷ್ಟೆ. ಮೂರು ವರ್ಷದಲ್ಲಿ ನಲವತ್ತೊಂಬತ್ತು ಸಲ ತಗೊಂಡೆ ಎಂದಿದ್ದ, ಒಂದು ಸಲವೂ ವಾಪಸ್ ಕಳಿಸಿರಲಿಲ್ಲ. ಐವತ್ತು ಪ್ಯಾಚ್ ಆದವರ ಹೆಸರು ಒಂದು ಪಟ್ಟಿಗೆ ಸೇರುತ್ತದೆ, ಆ ಪಟ್ಟಿ ವರ್ಷಕ್ಕೊಮ್ಮೆ ಹೊಸ ಆವೃತ್ತಿಯ ಜೊತೆ ಲೋಕದ ಎಷ್ಟೋ ಕಂಪ್ಯೂಟರುಗಳೊಳಗೆ ಹೋಗಿ ಕೂರುತ್ತದೆ. ಯಾರೂ ತೆರೆದು ನೋಡುವುದಿಲ್ಲ, ನಿಜ. ಆದರೂ ಕೂತಿರುತ್ತದೆ. ಐವತ್ತನೆಯದು ಗುರುವಾರ ಕಳಿಸಿದ್ದು. ಒಂದೇ ಫೈಲು, ನಲವತ್ತಮೂರು ತಪ್ಪು, ಅವನ ಜೀವಮಾನದ ದೊಡ್ಡ ಬೇಟೆ. ಶುಕ್ರವಾರ ಯಜಮಾನ ತಗೊಂಡೆ ಎಂದ. ಹೊಸದನ್ನು ತೆಗೆದುಕೊಳ್ಳುವ ಗಡುವು ಅವತ್ತಿಗೇ ಮುಗಿಯಿತು. ಇವತ್ತು ಸಂಜೆ ಆರಕ್ಕೆ ಯಜಮಾನ ತನ್ನ ಬಳಿ ಸೇರಿದ್ದನ್ನೆಲ್ಲ ಮೇಲಿನವರಿಗೆ ಒಪ್ಪಿಸುತ್ತಾನೆ. ಒಪ್ಪಿಸಿದ ಮೇಲೆ ಬ್ರಹ್ಮ ಬಂದರೂ ಹಿಂದಕ್ಕೆ ತೆಗೆಯಲಾಗದು. ಈ ಸುದ್ದಿಯನ್ನು ಅವನು ಹೆಂಡತಿಗೆ, ಅತ್ತೆಗೆ, ಮುದ್ರಣಾಲಯದ ಮೂವರಿಗೆ, ಕೇಳದಿದ್ದ ಹಾಲಿನವನಿಗೂ ಹೇಳಿಯಾಗಿತ್ತು.

ಭಾವಮೈದುನನಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ಅವನು ಏನೆನ್ನುತ್ತಾನೆ ಎಂಬುದು ಗೊತ್ತಿತ್ತು, ಹಿಂದೊಮ್ಮೆ ಅಂದದ್ದು ಮುಳ್ಳಿನ ಹಾಗೆ ಇನ್ನೂ ಒಳಗಿತ್ತು. ಆ ಕೋಡಿನ ಪುಟಕ್ಕೆ ಒಂದು ಅಂಚಿದೆ. ಒಂದು ಗುಂಡಿ ಒತ್ತಿದರೆ ಪ್ರತಿ ಸಾಲಿನ ಪಕ್ಕದಲ್ಲೂ ಆ ಸಾಲನ್ನು ಕೊನೆಗೆ ಮುಟ್ಟಿದವರ ಹೆಸರು ಕಾಣುತ್ತದೆ. ಅದರ ಕೆಳಗೆ ಹಳೆಯ ಹೆಸರುಗಳೂ ಇರುತ್ತವೆ, ಆದರೆ ಅಗೆದು ತೆಗೆಯಬೇಕು. ಕಣ್ಣಿಗೆ ಬೀಳುವುದು ಕೊನೆಯದೇ. ಒಂದು ಬಾಗಿದ ಅಕ್ಷರವನ್ನು ನೆಟ್ಟಗೆ ಮಾಡಿದರೂ ಸಾಕು, ಆ ಸಾಲು ನಿಮ್ಮದು. ಹೀಗೆ ಇವನಿಗೆ ಅರ್ಥವಾಗದ ಎಷ್ಟೋ ಫೈಲುಗಳಲ್ಲಿ ಇವನ ಹೆಸರು ನಿಂತಿತ್ತು, ಒಂದೆರಡು ಸಲ ಯಾರೋ ಪಾಪದವರು ಇವನನ್ನು ಪಂಡಿತನೆಂದು ತಿಳಿದು ಡಿಸ್ಕಿನ ಬಗ್ಗೆ ಗಹನವಾದ ಪ್ರಶ್ನೆ ಕೇಳಿ ಬರೆದಿದ್ದರು. ಇವನು ಆ ಪ್ರಶ್ನೆಗಳನ್ನು ಹೆಂಡತಿಗೆ ಓದಿ ಹೇಳಿ, ಉತ್ತರ ಬರೆಯದೆ, ಜೋಪಾನವಾಗಿ ಎತ್ತಿಟ್ಟಿದ್ದ. ಅದನ್ನು ಕೇಳಿ ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಮನೆ ಕಟ್ಟಿದೋನು ಒಬ್ಬ, ಸುಣ್ಣ ಹೊಡೆದು ಬಾಗಿಲಿಗೆ ತನ್ನ ಹೆಸರು ಹಾಕ್ಕೊಂಡೋರು ನಮ್ಮ ಭಾವ," ಎಂದಿದ್ದ. ಎಲ್ಲರೂ ನಕ್ಕರು, ಇವನೂ ನಕ್ಕ. ಸುಣ್ಣ ಹೊಡೆಯುವುದೂ ಒಂದು ಕೆಲಸವೇ ಎಂಬ ಉತ್ತರ ಅವನಿಗೆ ಹೊಳೆದದ್ದು ಮೂರನೇ ದಿನ, ಸ್ನಾನ ಮಾಡುವಾಗ.

ಎಂಟನೇ ಸಲ ತೆರೆದಾಗ ಒಂದು ಮೇಲ್ ಬಂದಿತ್ತು. ಕಳಿಸಿದವರ ಹೆಸರು ನೋಡಿ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ. ಆ ನಲವತ್ತಮೂರು ತಪ್ಪಿನ ಫೈಲನ್ನು ಬರೆದವರ ಹೆಸರು. ಪ್ಯಾಚ್ ಕಳಿಸುವಾಗ ಆ ಫೈಲನ್ನು ಬರೆದವರಿಗೂ ಒಂದು ಪ್ರತಿ ಹೋಗಬೇಕೆಂಬ ಪದ್ಧತಿ ಅಲ್ಲಿದೆ, ವಿಳಾಸಗಳನ್ನು ಒಂದು ಸಣ್ಣ ಪ್ರೋಗ್ರಾಮೇ ಹುಡುಕಿ ಕೊಡುತ್ತದೆ, ಅದು ಕೊಟ್ಟದ್ದನ್ನೆಲ್ಲ ಇವನು ಅಂಟಿಸಿ ಕಳಿಸುತ್ತಾನೆ. ಇಷ್ಟು ದಿನ ಒಬ್ಬ ಲೇಖಕನೂ ಇವನಿಗೆ ಬರೆದದ್ದಿಲ್ಲ. ಈಗ ಬರೆದಿದ್ದಾರೆ, ಖಂಡಿತ ಕೃತಜ್ಞತೆ ಹೇಳುವುದಕ್ಕೆ. ಇಲ್ಲವೇ ಒಂದು ಕಡೆ ನಿಮ್ಮದೇ ತಪ್ಪು ಎನ್ನುವುದಕ್ಕೆ. ಎರಡನೆಯದನ್ನು ನೆನೆದು ಕನ್ನಡಕ ಒರೆಸಿಕೊಂಡು ತೆರೆದ. ಬರೆದದ್ದು ಅವರಲ್ಲ, ಅವರ ಮಗಳು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು, ಈ ವಿಳಾಸವನ್ನು ಮುಚ್ಚುವುದಕ್ಕೆ ಮನಸ್ಸಾಗದೆ ಹಾಗೇ ಇಟ್ಟಿದ್ದೇನೆ, ಸಾಲದ ಜಾಹೀರಾತು ಬಿಟ್ಟರೆ ಬೇರೇನೂ ಬರುವುದಿಲ್ಲ, ಗುರುವಾರ ನಿಮ್ಮ ಪತ್ರ ಬಂತು ಎಂದು ಶುರುವಾಗಿತ್ತು. ತನಗೆ ಕೋಡ್ ತಿಳಿಯದು. ತಾನು ಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಡುವವಳು. ಬೇಸರವಾದಾಗ ಆ ಫೈಲಿನ ಪುಟ ತೆರೆದು, ಅಂಚಿನಲ್ಲಿ ಅಪ್ಪನ ಹೆಸರು ಮೇಲಿಂದ ಕೆಳಗಿನ ತನಕ ಇಳಿದುಕೊಂಡು ಬಂದಿರುವುದನ್ನು ನೋಡುತ್ತಾಳಂತೆ. ಅಷ್ಟು ಹೇಳಿ ಕೊನೆಗೆ ಕೇಳಿದ್ದಳು: "ಇಷ್ಟು ವರ್ಷ ಆದ ಮೇಲೆ ಅಪ್ಪನ ಕೆಲಸ ಕೈಗೆತ್ತಿಕೊಂಡಿದೀರಿ ಅಂದ್ರೆ ನೀವು ಅವರ ಜೊತೆ ಇದ್ದೋರೇ ಇರಬೇಕು. ಮನೇಲಿ ಹೇಗಿದ್ರು ಅಂತ ನನಗೆ ಗೊತ್ತು. ಹೊರಗಿನೋರ ಜೊತೆ ಹೇಗಿದ್ರು ಅಂತ ಕೇಳೋಕೆ ಯಾರೂ ಸಿಕ್ಕಿಲ್ಲ. ನೀವು ಹೇಳ್ತೀರಾ?"

ಅವನು ಪತ್ರವನ್ನು ಎರಡು ಸಲ ಓದಿದ. ಎರಡನೇ ಸಲ ತಪ್ಪು ಹುಡುಕುತ್ತಿದ್ದೇನೆ ಎಂದು ತಿಳಿದು ನಾಚಿ ನಿಲ್ಲಿಸಿದ. ತೀರಿಕೊಂಡವರಿಗೆ ತಪ್ಪಿನ ಪಟ್ಟಿ ಕಳಿಸಿದ್ದೇನೆ ಎಂಬುದು ಒಂದು. ಅದು ತನಗೆ ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಲು ಹೊರಟ. ಅಷ್ಟರಲ್ಲಿ ಆ ಐವತ್ತು ಪ್ಯಾಚಿನವರ ಪಟ್ಟಿ ನೆನಪಾಯಿತು. ತೆರೆದು ನೋಡಿದ. ಅವರ ಹೆಸರು ಅಲ್ಲಿತ್ತು, ಹೆಸರಿನ ಮುಂದೆ ಅಲ್ಪವಿರಾಮ, ಅದರ ಮುಂದೆ ಹುಟ್ಟಿದ ವರ್ಷ, ಗೆರೆ, ತೀರಿಕೊಂಡ ವರ್ಷ. ಆ ಅಲ್ಪವಿರಾಮ ಇವನು ಹಾಕಿದ್ದು. ಹೋದ ವರ್ಷ, ಹದಿನೆಂಟನೇ ಪ್ಯಾಚಿನಲ್ಲಿ. ಅಲ್ಪವಿರಾಮ ಇಲ್ಲದ್ದು ಕಂಡಿತ್ತು, ಮನುಷ್ಯ ಇಲ್ಲದ್ದು ಕಂಡಿರಲಿಲ್ಲ. ಹೆಂಡತಿ ಒಳಗಿನಿಂದ ಟೀ ಆರಿಹೋಯಿತೇ ಎಂದು ಕೇಳಿದಳು; ಕುಡಿದೆ ಎಂದು ಸುಳ್ಳು ಹೇಳಿ, ಆರಿದ್ದನ್ನೇ ಒಂದೇ ಗುಟುಕಿಗೆ ಕುಡಿದು ಸುಳ್ಳನ್ನು ನಿಜ ಮಾಡಿದ. ಆಮೇಲೆ ಅಂಚಿನ ಲೆಕ್ಕ ತಲೆಗೆ ಬಂತು. ಸಂಜೆ ಆರು ಹೊಡೆದರೆ ಆ ಅಂಚಿನಲ್ಲಿ ನಲವತ್ತಮೂರು ಕಡೆ ಅಪ್ಪನ ಹೆಸರು ಹೋಗಿ ಇವನ ಹೆಸರು ಬರುತ್ತದೆ. ಅವಳಿಗೆ ಅದು ತಿಳಿದಿಲ್ಲ. ಪಾಪ, ಕೈಗೆತ್ತಿಕೊಂಡಿದ್ದೀರಿ ಎಂದು ಬರೆದಿದ್ದಾಳೆ.

ಉತ್ತರ ಬರೆಯಲು ಕೂತ. ನಿಮ್ಮ ತಂದೆಯವರ ಜೊತೆ ಸ್ವಲ್ಪ ಕಾಲ ಕೆಲಸ ಮಾಡುವ ಭಾಗ್ಯ ನನ್ನದಾಗಿತ್ತು ಎಂಬ ಸಾಲು ತಾನಾಗಿಯೇ ಬಂತು. ನೋಡಿದರೆ ಚೆನ್ನಾಗಿತ್ತು. ಬೆರಳು ಮುಂದಕ್ಕೆ ಹೋಯಿತು: ಅವರು ಮಿತಭಾಷಿ, ಕಾರಿಡಾರಿನಲ್ಲಿ ಸಿಕ್ಕಿದರೆ ತಲೆ ಬಗ್ಗಿಸಿ ನಗುತ್ತಿದ್ದರು, ಒಮ್ಮೆ ನನ್ನ ಕೋಡ್ ನೋಡಿ ಇದು ನಿಮ್ಮದೇ ಎಂದು ಕೇಳಿದ್ದರು. ನನ್ನ ಕೋಡ್ ಎಂಬ ಎರಡು ಪದಗಳನ್ನು ಅವನು ಬಹಳ ಹೊತ್ತು ನೋಡಿದ. ಭಾವಮೈದುನನ ಮುಖ ನೆನಪಾಯಿತು, ಈ ಪತ್ರ ಅವನ ಕಣ್ಣಿಗೂ ಹೇಗಾದರೂ ಬಿದ್ದರೆ ಎಷ್ಟು ಚೆನ್ನ ಎನ್ನಿಸಿತು. ಪತ್ರದೊಳಗಿನ ಕಾರಿಡಾರಿನ ಗೋಡೆಗೆ ತಿಳಿಹಸಿರು ಬಣ್ಣ ಹಚ್ಚಿದ. ಮಗಳಿಗೆ ಇದರಿಂದ ಸಂತೋಷವಾಗುತ್ತದೆ, ಯಾರಿಗೂ ನಷ್ಟವಿಲ್ಲ, ಸತ್ತವರು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ಬರೆದು ಮುಗಿಸಿ, ಅಭ್ಯಾಸಬಲದಿಂದ ಮೊದಲಿನಿಂದ ಕರಡು ನೋಡಿದ. ಒಂದು ಅಕ್ಷರವೂ ತಪ್ಪಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ಬರಹವನ್ನು ಅವನು ಮುದ್ರಣಾಲಯದಲ್ಲೂ ಕಂಡಿರಲಿಲ್ಲ, ಹಾಗೆ ಅನ್ನಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಗಿ ಪೂರ್ತಿ ಅಳಿಸಿದ.

ತಪ್ಪಿಲ್ಲದೆ ಕೆಟ್ಟ ಕೆಲಸ ಮಾಡುವುದು ಅವನಿಗೆ ಹೊಸದೇನಲ್ಲ. ನಿಶ್ಚಿತಾರ್ಥವಾಗಿ ಮದುವೆಗೆ ಮೂರು ತಿಂಗಳಿದ್ದಾಗ ಈಗ ಒಳಗೆ ಬಟ್ಟೆ ಹಿಂಡುತ್ತಿರುವವಳು ನಾಲ್ಕು ಪುಟದ ಕಾಗದ ಬರೆದಿದ್ದಳು, ಒಬ್ಬ ಹೆಣ್ಣುಮಗಳು ಸರಿಯಾಗಿ ಗುರುತಿಲ್ಲದ ಗಂಡಸಿಗೆ ಬರೆಯಬಹುದಾದ ಅತಿ ಧೈರ್ಯದ ಕಾಗದ. ಇವನು ಎಂಟು ಸಲ ಓದಿದ, ಖುಷಿಯಾಗಿ ತಾರಸಿಯ ಮೇಲೆ ಅಡ್ಡಾಡಿದ, ಕೆಳಗಿಳಿದು ಬಂದು ಅಂಚಿನಲ್ಲಿ ಸಣ್ಣಗೆ ಪೆನ್ಸಿಲ್ಲಿನಿಂದ ಗುರುತು ಹಾಕಿದ. ಕೆಂಪು ಶಾಯಿ ಮುಟ್ಟಲಿಲ್ಲ. ಅದನ್ನೇ ಅವನು ಪ್ರೀತಿ ಎಂದುಕೊಂಡಿದ್ದ. ಮದುವೆಯಾದ ವರ್ಷ ಅದು ಒಂದು ಪುಸ್ತಕದೊಳಗೆ ಅವಳಿಗೆ ಸಿಕ್ಕಿತು. ಅವಳು ಬೈಯಲಿಲ್ಲ, ಅಳಲಿಲ್ಲ, ಹದಿನಾಲ್ಕಾ ಎಂದು ಎಣಿಸಿ ಕೇಳಿ, ಮಡಿಸಿ ಅಲ್ಲೇ ಇಟ್ಟಳು. ಆಮೇಲೆ ಇಪ್ಪತ್ತಮೂರು ವರ್ಷದಲ್ಲಿ ಅವಳು ಅವನಿಗೆ ಬರೆದದ್ದೆಂದರೆ ಅಂಗಡಿಯ ಚೀಟಿ ಮಾತ್ರ, ಅದನ್ನು ಕೊಡುವಾಗಲೂ ನೋಡಿ, ಸರಿ ಇದೆಯಾ ಎಂದು ನಗುತ್ತಾಳೆ. ಅವಳು ನಗುವಾಗ ಇವನಿಗೆ ಆ ಕಾಗದದ ಒಂದು ಮಾತಾದರೂ ನೆನಪಾಗಬೇಕು ಅನ್ನಿಸುತ್ತದೆ. ಹದಿನಾಲ್ಕು ತಪ್ಪುಗಳು ಒಂದೊಂದೂ ನೆನಪಿವೆ. ಅವಳು ಏನು ಬರೆದಿದ್ದಳು ಎಂಬುದು ಮರೆತುಹೋಗಿದೆ.

ಹನ್ನೆರಡೂವರೆಗೆ ಅವನು ಯಜಮಾನನಿಗೆ ಬರೆದ: ಐವತ್ತನೆಯ ಪ್ಯಾಚನ್ನು ದಯವಿಟ್ಟು ಕೈಬಿಡಿ. ಒತ್ತಿ ಕಳಿಸಿದ ಮೇಲೆ ನೆನಪಾಯಿತು: ಪ್ಯಾಚಿನ ಬಗ್ಗೆ ಅಲ್ಲಿ ಯಾರು ಯಾರಿಗೆ ಬರೆದರೂ ಅದು ಸಾವಿರಾರು ಜನರಿಗೆ ಹೋಗುತ್ತದೆ, ಗುಟ್ಟಿನ ಮಾತೇ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ಯಜಮಾನ ಎಂದಿನ ಹಾಗೆ ಒಂದೇ ಪದ ಬರೆದಿದ್ದ: ಕಾರಣ? ಹೆಂಡತಿ ಊಟಕ್ಕೆ ಕರೆದಳು. ಉಂಡ, ಏನು ಉಂಡ ಎಂದು ಗೊತ್ತಾಗಲಿಲ್ಲ. ಏನಾಯ್ತು ಎಂದು ಅವಳು ಕೇಳಿದಳು. ಅವನು ಹೇಳಿದ, ಮೊದಲು ಸ್ವಲ್ಪ, ಆಮೇಲೆ ಎಲ್ಲ, ಅಲ್ಪವಿರಾಮವನ್ನೂ ಸೇರಿಸಿ. ತಿಳಿಹಸಿರು ಕಾರಿಡಾರನ್ನು ಮಾತ್ರ ಬಿಟ್ಟ. ಅವಳು ತಟ್ಟೆ ಎತ್ತುತ್ತಾ, ತಪ್ಪಿದೆ ಅಂತ ಬರೆದುಬಿಡಿ, ಮುಗಿದೇ ಹೋಯ್ತಲ್ಲ ಎಂದಳು. ಅಷ್ಟು ಸುಲಭದ ದಾರಿ ತನಗೇಕೆ ಹೊಳೆಯಲಿಲ್ಲ ಎಂದು ಅವನು ಬೆರಗಾದ. ಮೇಜಿಗೆ ಬಂದು ನನ್ನ ತಿದ್ದುಪಡಿಯಲ್ಲಿ ತಪ್ಪುಗಳಿವೆ ಎಂದು ಬರೆದ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಬೆರಳು ಇಳಿಯಲಿಲ್ಲ. ಇಪ್ಪತ್ತಾರು ವರ್ಷ ಔಷಧಿಯ ಪ್ರಮಾಣದಲ್ಲಿ ಒಂದು ಚುಕ್ಕೆ ಅತ್ತಿತ್ತ ಆಗದಂತೆ ಕಾಯ್ದವನು. ಪಟ್ಟಿಯಲ್ಲಿ ಹೆಸರು ಹೋದರೆ ಹೋಗಲಿ, ಲೋಕ ಸುಣ್ಣದವನು ಎನ್ನಲಿ, ಆದರೆ ಸುಣ್ಣ ಸರಿಯಾಗಿ ಹೊಡೆಯಲಿಲ್ಲ ಎಂದು ತಾನೇ ತನ್ನ ಬಾಯಿಂದ, ಅದೂ ಸಾವಿರಾರು ಜನರ ಮುಂದೆ, ಅದೂ ಸುಳ್ಳು. ನಲವತ್ತಮೂರನ್ನೂ ಮತ್ತೆ ಪರೀಕ್ಷಿಸಿದ, ಒಂದಾದರೂ ನಿಜವಾಗಿ ತಪ್ಪಾಗಿದ್ದರೆ ದೇವರ ದಯೆ ಎಂದು. ಒಂದೂ ತಪ್ಪಿರಲಿಲ್ಲ. ಜಂಬ ಕೆಲವರನ್ನು ಸುಳ್ಳಿಗೆ ದೂಡುತ್ತದೆ, ಇವನನ್ನು ನಿಜಕ್ಕೆ ದೂಡಿತು. ಸಾಲು ಅಳಿಸಿ ಬರೆದ: ಲೇಖಕರು ಬದುಕಿಲ್ಲ, ಅವರ ಮಗಳು ಅಂಚಿನಲ್ಲಿ ಅವರ ಹೆಸರು ನೋಡುತ್ತಾಳೆ, ಇದು ಒಳಗೆ ಹೋದರೆ ನಲವತ್ತಮೂರು ಸಾಲಿನ ಪಕ್ಕ ನನ್ನ ಹೆಸರು ಬರುತ್ತದೆ. ಯಜಮಾನ ಆವತ್ತು ತನ್ನ ನಿಯಮ ಮುರಿದು ಮೂರು ಪದ ಬರೆದ: ಇದು ತಾಂತ್ರಿಕ ಕಾರಣವಲ್ಲ. ಆಮೇಲೆ ಇನ್ನೊಂದು ಬಂತು: ತೆಗೆದೆ.

ನಲವತ್ತೊಂಬತ್ತು. ಹಾಲಿನವನಿಗೆ ಏನು ಹೇಳುವುದು ಎಂಬ ಚಿಂತೆ ಮೊದಲು ಬಂದದ್ದು ಅವನಿಗೇ ವಿಚಿತ್ರವಾಗಿ ಕಂಡಿತು. ಮುಂದಿನ ವರ್ಷದ ಪಟ್ಟಿಯಿದೆ, ತಪ್ಪುಗಳಿಗೆ ಬರವಿಲ್ಲ ಎಂದು ಧೈರ್ಯ ಹೇಳಿಕೊಂಡ. ಈಗ ಅವಳಿಗೆ ಬರೆಯುವುದು ಉಳಿದಿತ್ತು. ನಾನು ನಿಮ್ಮ ತಂದೆಯವರನ್ನು ನೋಡಿಲ್ಲ, ನನಗೆ ಕೋಡ್ ಬರುವುದಿಲ್ಲ, ನಾನು ಬರೀ ಕಾಗುಣಿತ ತಿದ್ದುವವನು, ಅವರ ಹೆಸರು ಅಳಿಸುವುದರಲ್ಲಿದ್ದೆ, ಈಗ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಕ್ಷಮಿಸಿ ಎಂದು ಬರೆದ. ನಾಲ್ಕು ಸಾಲಿಗೆ ಮುಗಿಯಿತು. ಅವಳು ಕೇಳಿದ್ದಕ್ಕೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. ಹೇಗಿದ್ದರು ಎಂದು ಕೇಳಿದ್ದಳು. ಅವನು ಆ ಫೈಲನ್ನು ಸುಮ್ಮನೆ ಮೇಲಿನಿಂದ ನೋಡಿದ. ಕಂಪ್ಯೂಟರನ್ನು ಮಲಗಿಸುವ, ಮತ್ತೆ ಎಬ್ಬಿಸುವ ಕೆಲಸದ ಫೈಲದು. ಎರಡು ಸಾವಿರದ ಮುನ್ನೂರು ಸಾಲು, ಕೋಡಿನ ನಡುವೆ ಒಬ್ಬ ಮನುಷ್ಯ ಮೆಲ್ಲಗೆ ಮಾತಾಡುತ್ತಿದ್ದ. ಇಲ್ಲಿ ಸ್ವಲ್ಪ ಕಾಯಬೇಕು, ಯಾಕೆ ಅಂತ ನನಗೂ ಗೊತ್ತಿಲ್ಲ, ಕಾಯದಿದ್ದರೆ ಅದು ಏಳುವುದಿಲ್ಲ ಎಂದು ಒಂದು ಕಡೆ. ಇದನ್ನು ಓದುವವರು ನನಗಿಂತ ಜಾಣರಾಗಿದ್ದರೆ ದಯವಿಟ್ಟು ಸರಿಮಾಡಿ ಎಂದು ಇನ್ನೊಂದು ಕಡೆ. ಇದನ್ನೆಲ್ಲ ಮೂರು ಸಲ ಓದಿದ್ದರೂ ಅಕ್ಷರ ಬಿಟ್ಟು ಬೇರೇನೂ ಕಾಣದೆ ಹೋದದ್ದಕ್ಕೆ ಅವನಿಗೆ ಬೇಸರವಾಯಿತು. ಆದರೆ ತಪ್ಪುಗಳಿದ್ದವಲ್ಲ. ತಪ್ಪನ್ನು ಓದಿ ಮನುಷ್ಯನನ್ನು ಹೇಳುವುದು ಅವನಿಗೆ ಬರುತ್ತಿತ್ತು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವರಿದ್ದ ಕಾಲಕ್ಕೆ, ಕರಡು ನೋಡಿ ಇವತ್ತು ಜೋಡಿಸಿದವನಿಗೆ ಜ್ವರ ಇದೆ ಎಂದು ಹೇಳಿ ಎಲ್ಲರ ಕೈಲಿ ಭೇಷ್ ಅನ್ನಿಸಿಕೊಂಡವನು.

ಮುಂದಿನ ಎರಡು ತಾಸು ಆ ನಾಲ್ಕು ಸಾಲಿನ ಕೆಳಗೆ ಅವನು ಬರೆದದ್ದು ಅವನ ಬದುಕಿನ ಅತಿ ಉದ್ದದ ಬರಹ. ನಿಮ್ಮ ತಂದೆ ಅವಸರದವರಲ್ಲ, ಆದರೆ ದಣಿದವರು ಎಂದು ಬರೆದ. ಮೊದಲ ಐನೂರು ಸಾಲಿನಲ್ಲಿ ಎರಡೇ ತಪ್ಪು, ಆಮೇಲೆ ಅಕ್ಷರಗಳು ಜೋಡಿಯಾಗಿ ಬೀಳತೊಡಗುತ್ತವೆ, ಅವರು ಸಂಜೆಯ ತನಕ ಏಳದೆ ಕೂತಿದ್ದರು ಅನ್ನಿಸುತ್ತದೆ. ಸ್ವಾಭಿಮಾನಿ, ಸ್ವಲ್ಪ ಹಟವೂ ಇತ್ತು. ಒಂದೇ ಪದವನ್ನು ಹನ್ನೊಂದು ಕಡೆ ಒಂದೇ ರೀತಿ ತಪ್ಪಾಗಿ ಬರೆದಿದ್ದಾರೆ, ಅನುಮಾನ ಬಂದು ಒಮ್ಮೆಯೂ ಬದಲಾಯಿಸಿಲ್ಲ. ಸಾವಿರದ ನಾನೂರನೇ ಸಾಲಿನ ಹತ್ತಿರ ಒಂದೇ ಟಿಪ್ಪಣಿಯ ನಾಲ್ಕು ಸಾಲಿಗೂ ಒಂದೊಂದು ತಪ್ಪಿದೆ, ಅಲ್ಲಿ ಅವರ ಮನಸ್ಸಿಗೆ ಏನೋ ದುಃಖವಿದ್ದಿರಬೇಕು, ಏನೆಂದು ಕೇಳುವ ಹಕ್ಕು ನನಗಿಲ್ಲ. ಒಂದು ಕಡೆ ಪದ ಅರ್ಧಕ್ಕೇ ನಿಂತಿದೆ, ಮುಂದಿನ ಸಾಲು ಹೊಸದಾಗಿ ಶುರುವಾಗುತ್ತದೆ; ಕರೆದವರಿಗೆ ಓಗೊಟ್ಟು ತಕ್ಷಣ ಎದ್ದುಹೋಗುವ ಸ್ವಭಾವ, ಮನೆಯವರ ಮೇಲೆ ತುಂಬ ಪ್ರೀತಿ ಇದ್ದವರು. ಹೀಗೆ ನಲವತ್ತಮೂರಕ್ಕೂ. ಬರೆಯುತ್ತಾ ಬರೆಯುತ್ತಾ ಅವನಿಗೆ ಆ ಮನುಷ್ಯ ನಿಜವಾಗಿ ಬೇಕಾದವನಾದ. ತೋಳು ಮಡಿಸಿದ ಅಂಗಿ, ಕೆನ್ನೆಗೆ ಒರಗಿಸಿದ ಕೈ, ಇಳಿಯುವ ಬೆಳಕು. ಅಂಥವನ ಜೊತೆ ಒಂದೇ ಕೋಣೆಯಲ್ಲಿ ಸುಮ್ಮನೆ ಕೂತು ಕೆಲಸ ಮಾಡಬಹುದಿತ್ತು ಎನ್ನಿಸಿ ಕಣ್ಣು ಒದ್ದೆಯಾಯಿತು. ಪತ್ರವನ್ನು ಕರಡು ನೋಡದೆ ಕಳಿಸಿದ. ಅದು ಜೀವನದಲ್ಲಿ ಮೊದಲ ಸಲ ಎಂದು ಹೆಂಡತಿಯನ್ನು ಕರೆದು ಹೇಳಿದ. ಅವಳು ಒಣಗಿದ ಬಟ್ಟೆಯ ರಾಶಿಯ ಹಿಂದಿನಿಂದ, ಜ್ವರ ಏನಾದ್ರೂ ಬಂದಿದೆಯಾ ನೋಡ್ಕೊಳ್ಳಿ ಎಂದಳು.

ಆರಕ್ಕೆ ಯಜಮಾನ ಎಲ್ಲವನ್ನೂ ಮೇಲಕ್ಕೆ ಒಪ್ಪಿಸಿದ, ಇವನದೊಂದು ಬಿಟ್ಟು. ಆರೂಕಾಲಿಗೆ ಅವಳ ಉತ್ತರ ಬಂತು. ಕುರ್ಚಿ ಮುಂದಕ್ಕೆಳೆದುಕೊಂಡು, ಹೊಗಳಿಸಿಕೊಳ್ಳಲು ತಯಾರಾದವನ ವಿನಯದಿಂದ ಅವನು ಓದಲು ಕೂತ. ಪತ್ರ ಓದಿ ಬಹಳ ಹೊತ್ತು ನಕ್ಕೆ ಎಂದು ಅವಳು ಬರೆದಿದ್ದಳು. ಆ ಫೈಲು ಬರೆಯುವ ಹೊತ್ತಿಗೆ ಅಪ್ಪನ ಕಣ್ಣು ಮಂಜಾಗಿ ಪರದೆ ಕಾಣುತ್ತಿರಲಿಲ್ಲ. ಅವರು ಬಾಯಲ್ಲಿ ಹೇಳುತ್ತಿದ್ದರು, ಟೈಪ್ ಮಾಡಿದ್ದು ಅವಳು, ಆಗ ಹದಿಮೂರು ವರ್ಷ, ಶಾಲೆಗೆ ಎರಡು ತಿಂಗಳು ರಜೆ. ಕೋಡನ್ನು ಒಂದೊಂದು ಅಕ್ಷರವಾಗಿ ಹೇಳಿ, ವಾಪಸ್ ಓದಿಸಿ, ಚುಕ್ಕೆ ಕೂಡ ತಪ್ಪದಂತೆ ನೋಡಿಕೊಳ್ಳುತ್ತಿದ್ದರಂತೆ. ಟಿಪ್ಪಣಿಯನ್ನು ಮಾತ್ರ ಸುಮ್ಮನೆ ಹೇಳಿಬಿಡುತ್ತಿದ್ದರು, ಓದಿಸುತ್ತಿರಲಿಲ್ಲ, ಯಂತ್ರ ಅದನ್ನು ನೋಡುವುದಿಲ್ಲವಲ್ಲ ಎಂದು. ಸಾವಿರದ ನಾನೂರನೇ ಸಾಲಿನಲ್ಲಿ ದುಃಖವೇನೂ ಇರಲಿಲ್ಲ, ಇನ್ನೊಂದೇ ಸಾಲು, ಇನ್ನೊಂದೇ ಸಾಲು ಎಂದು ಅಪ್ಪ ಏಳನೇ ಸಲ ಹೇಳಿದ್ದಕ್ಕೆ ಸಿಟ್ಟಾಗಿ ಕೀಲಿಗಳನ್ನು ಗುದ್ದಿದ್ದಳು. ಅರ್ಧ ಪದ ಬಿಟ್ಟದ್ದು ಗೇಟಿನ ಹತ್ತಿರ ಗೆಳತಿ ಆಟಕ್ಕೆ ಕೂಗಿದಾಗ. ಹನ್ನೊಂದು ಸಲ ಬರೆದ ಪದ ಹಾಗಲ್ಲ ಎಂದು ಅವಳಿಗೆ ಗೊತ್ತಾದದ್ದು ಇವತ್ತು ಮಧ್ಯಾಹ್ನ. ಇಪ್ಪತ್ತೆರಡು ವರ್ಷ ಅದನ್ನು ಹಾಗೇ ಬರೆದುಕೊಂಡು, ಬೋರ್ಡಿನ ಮೇಲೆ ಮಕ್ಕಳಿಗೂ ಹಾಗೇ ಕಲಿಸಿಕೊಂಡು ಬಂದಿದ್ದಾಳೆ.

ಅವನ ಕಿವಿ ಬಿಸಿಯಾಯಿತು. ಬೆಟ್ಟ ಅಗೆದು ಇಲಿ ಹಿಡಿದವರ ಕಥೆ ಕೇಳಿದ್ದ; ಇವನು ಇಲಿ ಹಿಡಿದು ಬೆಟ್ಟ ಎಂದು ಸಾರಿದ್ದ, ಅದಕ್ಕೊಂದು ಅಂಗಿ ತೊಡಿಸಿ, ತೋಳನ್ನೂ ಮಡಿಸಿ. ಪರದೆ ಮುಚ್ಚಿಬಿಡೋಣ ಅನ್ನಿಸಿತು. ಇನ್ನೂ ಕೆಲವು ಸಾಲು ಉಳಿದಿದ್ದವು. ನಾಚಿಕೆಯನ್ನು ಅರ್ಧಕ್ಕೆ ಬಿಡುವುದು ಸರಿಯಲ್ಲ ಎಂದು ಕೊನೆಯವರೆಗೂ ಓದಿದ.

"ಆ ಅಂಚಿನಲ್ಲಿ ಎಲ್ಲಾ ಸಾಲಿಗೂ ಅಪ್ಪನ ಹೆಸರೇ ಇದೆ, ಅದು ನ್ಯಾಯ, ಕೆಲಸ ಅವರದು. ಆ ಎರಡು ತಿಂಗಳು ನಾನೂ ಅಲ್ಲಿ ಕೂತಿದ್ದೆ ಅಂತ ಯಾರಿಗೂ ಗೊತ್ತಿಲ್ಲ. ನಾನೇ ಮರೆತಿದ್ದೆ. ಅಪ್ಪನ್ನ ನೋಡೋಕೆ ಅಂತ ಆ ಪುಟ ತೆಗೀತಿದ್ದೆ, ನನ್ನನ್ನ ಯಾವತ್ತೂ ನೋಡಿರಲಿಲ್ಲ. ನೀವು ಕಳಿಸಿದ ಪಟ್ಟಿ ಮುಂದೆ ಇಟ್ಕೊಂಡು ಒಂದೊಂದಾಗಿ ನೋಡಿದೆ. ನಾನು ಆ ಫೈಲಲ್ಲಿ ಇರೋದು ಆ ನಲವತ್ತಮೂರು ಕಡೆ ಮಾತ್ರ. ತಿದ್ದದೆ ಬಿಟ್ಟಿರಲ್ಲ, ದೊಡ್ಡ ಉಪಕಾರ."

ಹೆಂಡತಿ ದೀಪ ಹಾಕಲು ಬಂದವಳು ಅವನ ಮುಖ ನೋಡಿ ಏನಂತೆ ಎಂದು ಕೇಳಿದಳು. ಅವನು ಪಕ್ಕದ ಕುರ್ಚಿಯನ್ನು ಅವಳ ಕಡೆಗೆ ಎಳೆದ. ಆ ಫೈಲನ್ನು ಮತ್ತೆ ಮೊದಲಿನಿಂದ ತೆರೆದ. ಹದಿಮೂರು ವರ್ಷದ ಹುಡುಗಿಯೊಬ್ಬಳು ಕಾಲು ಆಡಿಸುತ್ತಾ ಕೂತಿದ್ದಾಳೆ, ಕಣ್ಣು ಕಾಣದ ಅಪ್ಪ ಹೇಳುತ್ತಿದ್ದಾರೆ, ಅವಳಿಗೆ ಆಟಕ್ಕೆ ಹೊತ್ತಾಗಿದೆ. ಅವನು ಮೊದಲ ಟಿಪ್ಪಣಿಯನ್ನು ಹೆಂಡತಿಗೆ ಕೇಳುವಂತೆ, ಬರೆದಿದ್ದ ಹಾಗೇ, ಗಟ್ಟಿಯಾಗಿ ಓದಿದ.